ಪದ್ಮಿನಿಯ ಹಣೆಯನ್ನು ಕೆರೆಯುವವರು ಯಾರು?

...ನಿಮ್ಮ ಭಾಷಣದಲ್ಲಿ ನೀವು ನೆನಪಿಗೆ ರಸ್ತೆ ಬೇಕಾಗಿಲ್ಲ ಎಂದಿರೋ, ರಸ್ತೆಗೆ ನೆನಪು ಬೇಕಾಗಿಲ್ಲ ಎಂದಿರೋ, ಈಗ ಖಚಿತವಾಗಿ ಹೇಳಲಾರೆ. ಮೈಕು ಗೊರಗುಟ್ಟುತ್ತಿತ್ತು, ನಾನು ಜನರ ಹಿಂದೆ ನಿಂತಿದ್ದೆ. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಚಪ್ಪಾಳೆ ಬೀಳುವಂಥ ಮಾತೇ, ಬಿತ್ತು ಕೂಡ. ಮಾನ್ಯ ಸಾರಿಗೆ ಅಧಿಕಾರಿಗಳೇ, ಅಂದು ನೀವು ಹಳೆಯ ಕಾರುಗಳ ಮೆರವಣಿಗೆಗೆ ಹಸಿರು ಬಾವುಟ ಬೀಸುತ್ತಿದ್ದಿರಿ. ಅದೇ ವಾರ ನಿಮ್ಮ ಕಚೇರಿಯ ತಪಾಸಣೆ ಅಂಗಳದಲ್ಲಿ ಸಾಂಕೋಲೆಯ ಕಂಠೆಪ್ಪ ಎಂಬುವರ ಹಳೆಯ ಪದ್ಮಿನಿ ಕಾರನ್ನು ನಪಾಸು ಮಾಡಲಾಯಿತು. ಬ್ರೇಕು ಸರಿಯಿತ್ತು, ದೀಪ ಉರಿಯುತ್ತಿತ್ತು, ಹೊಗೆ ಮಿತಿಯೊಳಗಿತ್ತು. ನಪಾಸಾಗಲು ಕಾರಣ, ಕಾರಿನ ಮೈಯಲ್ಲಿ ಕೊರೆದಿರುವ ಚಾಸಿ ನಂಬರಿನ ಮೇಲೆ ಕುಂಕುಮ ಕೂತಿದೆ, ನಂಬರು ಕಾಣುವುದಿಲ್ಲ. ಮುಂದಿನ ತಿಂಗಳೊಳಗೆ ನಂಬರು ಕಾಣುವಂತೆ ತಂದು ನಿಲ್ಲಿಸದಿದ್ದರೆ ನೋಂದಣಿ ರದ್ದು, ಕಾರು ಗುಜರಿಗೆ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ವಿವರಣೆ. ವಿವರಣೆ ಕೇಳುವ ಪುರುಸೊತ್ತು ನಿಮ್ಮ ಕಚೇರಿಯಲ್ಲಿ ಸಿಗದ ಕಾರಣ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಇದನ್ನು ಬರೆಯಲು ನೀನು ಯಾರು ಎಂದು ನೀವು ಕೇಳಬಹುದು. ನನಗೆ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಫೋಂಡಾದಿಂದ ಸಾಂಕೋಲೆಗೆ ದಿನವೂ ಬಸ್ಸಿನಲ್ಲಿ ಹೋಗುವವನು. ಅಲ್ಲಿನ ಕಾರ್ಖಾನೆಗಳಿಗೆ ಸುರಕ್ಷತಾ ಫಲಕಗಳನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಕಸುಬು. 'ಯಂತ್ರ ತಿರುಗುತ್ತಿರುವಾಗ ಕೈ ಹಾಕಬೇಡಿ' ಎಂಬುದು ಈವರೆಗೆ ಅತಿ ಹೆಚ್ಚು ಜನ ಓದಿರುವ ನನ್ನ ಕೃತಿ. ಬಸ್ಸಿನಲ್ಲಿ ಓದಿದರೆ ತಲೆಸುತ್ತು ಬರುವುದರಿಂದ ಕಿಟಕಿಯಾಚೆ ನೋಡುತ್ತೇನೆ. ಹಾಗೆ ನೋಡುತ್ತ ಒಂದು ಚಟ ಅಂಟಿಕೊಂಡಿತು: ಇನ್ನೂ ದಿನನಿತ್ಯದ ಕೆಲಸಕ್ಕೆ ಓಡುತ್ತಿರುವ ಹಳೆಯ ಕಾರುಗಳನ್ನು ಗುರುತಿಸುವುದು. ಮೆರವಣಿಗೆಯವನ್ನಲ್ಲ. ಅವು ಲಾರಿಯ ಬೆನ್ನೇರಿ ಬಂದು, ಕಡಲತೀರದ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿ, ಮತ್ತೆ ಲಾರಿಯೇರಿ ಹೋಗುತ್ತವೆ. ನಾನು ಹುಡುಕುವುದು ಸಾಂಗೆಯ ಕಡೆ ಗಣಿ ನಿಂತ ಮೇಲೂ ನಿಲ್ಲದ ಒಂದು ಜೀಪನ್ನು, ಅದೀಗ ಮದುವೆ ಮಂಟಪದ ಕುರ್ಚಿಗಳನ್ನು ಹೊರುತ್ತದೆ. ಫೋಂಡಾ ಪೇಟೆಯಲ್ಲಿ ಸಾಬೂನಿನ ಪೆಟ್ಟಿಗೆಗಳ ಭಾರಕ್ಕೆ ಹಿಂದಕ್ಕೆ ವಾಲಿ, ಮೂಗೆತ್ತಿಕೊಂಡು ಸಾಗುವ ಅಂಬಾಸಿಡರನ್ನು.

ತನಗೆ ವಯಸ್ಸಾಗಿದೆ ಎಂಬುದು ಗೊತ್ತಿಲ್ಲದೆ ಒಂದು ಕಾರು ಕೆಲಸದ ಮೇಲೆ ಹೊರಟಿರುತ್ತದಲ್ಲ, ಆ ಗಳಿಗೆ ನನಗೆ ಇಷ್ಟ. ತೊಳೆದು, ಹಾರ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಅದಕ್ಕೆ ಗೊತ್ತಾಗಿಬಿಡುತ್ತದೆ. ನಡುವಯಸ್ಸಿನವರಿಗೆ ಮೊದಲ ಸಲ ಶಾಲು ಹೊದಿಸಿದ ದಿನ ಗೊತ್ತಾಗುವಂತೆ. ಇದು ನಿಮಗೆ ಸಂಬಂಧಿಸದ ವಿಷಯ, ದಾಟಿ ಮುಂದಕ್ಕೆ ಓದಿ.

ಕಂಠೆಪ್ಪನ ಪದ್ಮಿನಿಯನ್ನು ನಾನು ಕಂಡದ್ದು ಸಾಂಕೋಲೆಯ ಒಂದು ಕಾರ್ಖಾನೆಯ ಗೇಟಿನೆದುರು, ಊಟದ ಹೊತ್ತಿಗೆ. ಮೈಬಣ್ಣ ಒಂದು ಕಾಲಕ್ಕೆ ಕೆನೆಯದ್ದಿರಬೇಕು. ಹಿಂದಿನ ಸೀಟು ಕಿತ್ತುಹಾಕಿ, ಅಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿಯ ಬುಟ್ಟಿಗಳು, ಪುಂಡಿಪಲ್ಯದ ಡಬರಿ, ಶೇಂಗಾ ಚಟ್ನಿಯ ಡಬ್ಬಿ. ಕಂಠೆಪ್ಪ ಸ್ಟೇರಿಂಗು ಹಿಡಿದು ಕೂತೇ ಇದ್ದ. ಬಂದರಿನಲ್ಲಿ ಮೂಟೆ ಹೊತ್ತು ಹೊತ್ತು ಮೊಣಕಾಲು ಕೈಕೊಟ್ಟಿದೆ, ಇಳಿದು ಹತ್ತುವುದು ಅವನಿಗೆ ದೊಡ್ಡ ಕೆಲಸ. ಹೆಂಡತಿ ಬಾಳಮ್ಮ ಬಾಗಿಲ ಬಳಿ ನಿಂತು ಬಡಿಸುತ್ತಿದ್ದಳು. ನಾನು ಕಾರನ್ನು ಸುತ್ತು ಹಾಕಿ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

"ಏನ್ರಿ ಸರ, ಅದನ್ಯಾಕ ಅಷ್ಟು ನೋಡಾಕತ್ತೀರಿ? ಉಣ್ಣಾಕ ಬಂದ್ರ ರೊಟ್ಟಿ ನೋಡ್ರಿ. ಸುಮ್ನ ನಿಂತು ನೋಡಿದ್ರ ದೃಷ್ಟಿ ಆಕ್ಕತಿ."

"ಆಗ್ಲಿ ಬಿಡ," ಎಂದ ಒಳಗಿನಿಂದ ಕಂಠೆಪ್ಪ. "ನಮ್ಮನ್ನ ಯಾರೂ ನೋಡಂಗಿಲ್ಲ, ಅದನ್ನರ ನೋಡ್ಲಿ."

ಅಂದಿನಿಂದ ನನ್ನ ಮಧ್ಯಾಹ್ನದ ಊಟ ಅದೇ ಕಾರಿನದು. ವಾಸ್ಕೋದಲ್ಲಿ ಹಲ್ಲಿನ ಡಾಕ್ಟರೊಬ್ಬರ ಹಳೆಯ ಮನೆ ಕೆಡವುವ ಕೆಲಸಕ್ಕೆ ಕಂಠೆಪ್ಪ ಹೋಗಿದ್ದಾಗ, ಅಂಗಳದಲ್ಲಿ ಎಲೆ ಮುಚ್ಚಿಕೊಂಡು ನಿಂತಿದ್ದ ಇದನ್ನು ಡಾಕ್ಟರು ಕೊಟ್ಟರಂತೆ. ಹೆಸರು ಬದಲಾಯಿಸಿದ ಕಾಗದ ಸರಿಯಿದೆ, ನಿಮ್ಮ ಕಚೇರಿಯೇ ಮಾಡಿಕೊಟ್ಟದ್ದು. ಬೆಳಿಗ್ಗೆ ಬಾಳಮ್ಮ ಬಡಿದ ರೊಟ್ಟಿ ಈ ಕಾರಿನಲ್ಲಿ ಕೂತು ಕಾರ್ಖಾನೆ ಗೇಟುಗಳಿಗೆ, ಆಮೇಲೆ ಕಟ್ಟಡದ ಕೆಲಸ ನಡೆವಲ್ಲಿಗೆ ಹೋಗುತ್ತದೆ. ಕಾರಿಲ್ಲದಿದ್ದರೆ ಕಂಠೆಪ್ಪ ಮನೆಯಲ್ಲಿ, ರೊಟ್ಟಿ ಬುಟ್ಟಿಯಲ್ಲಿ. ಅಲ್ಲೇ ದಿನವೂ ಉಣ್ಣುವ ಗೌಂಡಿ ದೇವಲಪ್ಪ ಇದನ್ನು ನನಗಿಂತ ಚೆನ್ನಾಗಿ ಹೇಳಿದ: "ಕಾರ ಹ್ವಾದ್ರ ಹೋಗ್ಲಿರಿ, ಅದರ ಪಾಡ ಅದು. ನಮ್ಮ ಹೊಟ್ಟಿ ಯಾವ ಗಾಡ್ಯಾಗ ಬರಬೇಕು?"

ಇನ್ನು ಕುಂಕುಮದ ವಿಷಯ. ಗಂಡ ಹೆಂಡತಿ ಇಬ್ಬರೂ ವಿಜಯಪುರದ ಕಡೆಯವರು, ಆ ಕಡೆಯ ಜನ ಅಮಾವಾಸ್ಯೆಗೊಮ್ಮೆ ಗಾಡಿಯನ್ನು ಪೂಜಿಸುತ್ತಾರೆ. ಟ್ರ್ಯಾಕ್ಟರಾಗಲಿ, ತಳ್ಳುಗಾಡಿಯಾಗಲಿ, ನಿಂಬೆಹಣ್ಣು, ಊದುಬತ್ತಿ, ವಿಭೂತಿ, ಕುಂಕುಮ ತಪ್ಪುವುದಿಲ್ಲ. ಕಾರು ಮನೆಗೆ ಬಂದ ಮೊದಲ ಅಮಾವಾಸ್ಯೆಯಂದು ಬಾಳಮ್ಮ ಕುಂಕುಮ ಹಚ್ಚಲು ಹಣೆ ಹುಡುಕಿದಳು. ಮುಂಭಾಗದ ಗಾಜು ಕಣ್ಣು, ಜಾಲರಿ ಬಾಯಿ ಎಂದು ಅವಳ ಲೆಕ್ಕ. ಬಾನೆಟ್ಟು ಎತ್ತಿದರೆ ಒಳಗೆಲ್ಲ ಎಣ್ಣೆಯ ಕಪ್ಪು. ಅದರ ನಡುವೆ ಅಂಕಿ, ಅಕ್ಷರ ಕೊರೆದ ಒಂದು ಚಪ್ಪಟೆ ಜಾಗ ಮಾತ್ರ ಸ್ವಚ್ಛವಾಗಿ ಕಂಡಿತು. ಹಣೆ ಅದೇ ಎಂದು ತೀರ್ಮಾನವಾಯಿತು. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಎಣ್ಣೆ, ಅದರ ಮೇಲೆ ವಿಭೂತಿ, ಅದರ ಮೇಲೆ ಕುಂಕುಮ. ಎಂಜಿನ್ನಿನ ಬಿಸಿಗೆ ಅದು ಪದರ ಪದರವಾಗಿ ಬೆಂದು ಈಗ ಇಟ್ಟಿಗೆಯಂತಾಗಿದೆ. ಇಲ್ಲಿ ಹಣೆಬರಹ ಎಂಬ ಶಬ್ದ ತಾನಾಗಿಯೇ ನಾಲಿಗೆಗೆ ಬರುತ್ತದೆ, ತಡೆದುಕೊಂಡಿದ್ದೇನೆ.

ತಪಾಸಣೆಯ ದಿನ ನಾನೂ ಜೊತೆಗೆ ಬಂದಿದ್ದೆ. ಕನ್ನಡಕ ಹಾಕಿದವರೊಬ್ಬರಿದ್ದರೆ ಕಚೇರಿಯವರು ಕುರ್ಚಿ ಕೊಡುತ್ತಾರೆ ಎಂಬುದು ಕಂಠೆಪ್ಪನ ಎಣಿಕೆ. ಕೊಡಲಿಲ್ಲ. ನಿಮ್ಮ ತಪಾಸಣೆಗಾರರು ಎಲ್ಲವನ್ನೂ ನೋಡಿ, ಕೊನೆಗೆ ನಂಬರಿನ ಅಚ್ಚು ತೆಗೆಯಲು ಕಾಗದ, ಪೆನ್ಸಿಲು ಹಿಡಿದು ಬಗ್ಗಿದರು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿದರೆ ಅಂಕಿಗಳು ಮೂಡಬೇಕು. ಮೂಡಿದ್ದು ಒಂದು ಗುಡ್ಡ.

"ನಂಬರ ಖಂಯ್ ಆಸಾ?" ಎಲ್ಲಿದೆ ನಂಬರು ಎಂದು ಅವರು ಕೊಂಕಣಿಯಲ್ಲಿ ಕೇಳಿದರು.

"ಒಳಗ ಐತ್ರಿ ಸಾಹೇಬ್ರ," ಎಂದ ಕಂಠೆಪ್ಪ. "ಎಲ್ಲೂ ಹೋಗಿಲ್ಲ. ನಾ ಇಡೀ ದಿನ ಅದರ ಮುಂದ ಕುಂತಿರ್ತೀನಿ."

ತಪಾಸಣೆಗಾರರು ಕಂಠೆಪ್ಪನಿಗೆ ಸ್ಕ್ರೂಡ್ರೈವರು ಕೊಟ್ಟು ಕೆರೆಯಲು ಹೇಳಿದರು. ಬಾಳಮ್ಮ ನಡುವೆ ಬಂದು ನಿಂತಳು.

"ಅದು ಹಣಿರೀ. ಹಣಿಮ್ಯಾಲಿನ ಕುಂಕುಮ ಕೆರದ ತೆಗಿಯೂದು ಯಾವಾಗ ಅಂತ ನಿಮ್ಮ ಮನ್ಯಾಗ ಹೆಣ್ಮಕ್ಕಳಿದ್ರ ಕೇಳ್ರಿ."

"ನಾ ಇನ್ನಾ ಅದೀನಲ್ಲ ಮಾರಾಯ್ತಿ," ಎಂದ ಕಂಠೆಪ್ಪ.

"ಅದಕ್ಕ ಬ್ಯಾಡ ಅನ್ನಾಕತ್ತೇನಿ. ನೀ ಇಲ್ಲಂದ್ರ ನಾನ ಕೆರೀತಿದ್ದೆ."

ಗಂಡ ಸತ್ತಾಗ ಹೆಣ್ಣಿನ ಹಣೆಯ ಕುಂಕುಮ ಅಳಿಸುವ ಆ ಪದ್ಧತಿಯ ಬಗ್ಗೆ ನನಗೆ ಅಸಹ್ಯವಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಳಮ್ಮನಿಗೂ ಹೇಳಿದೆ. "ಅಸಹ್ಯ ನಮಗೂ ಐತ್ರಿ, ಅದಕ್ಕ ಮುಟ್ಟಬ್ಯಾಡ್ರಿ ಅನ್ನೂದು," ಎಂದಳು. ವಾದದಲ್ಲಿ ನಾನು ಎತ್ತ ನಿಂತಿದ್ದೇನೆಂದು ನನಗೇ ತಿಳಿಯದಾಯಿತು. ಮುಂದೆ ನಡೆದದ್ದು ನಿಮ್ಮ ಕಡತದಲ್ಲಿ ಇರಲಾರದು. ನಿಮ್ಮ ತಪಾಸಣೆಗಾರರು ಸ್ಕ್ರೂಡ್ರೈವರನ್ನು ತಾವೇ ತೆಗೆದುಕೊಂಡು ಬಗ್ಗಿದರು. ಕೈ ಆ ಕೆಂಪು ಗುಡ್ಡದ ತನಕ ಹೋಯಿತು. ಅಲ್ಲಿ ಏನಾಯಿತೋ, ಬೆರಳು ಅದನ್ನು ಮುಟ್ಟಿ ನೇರ ಅವರ ಕಣ್ಣಿಗೆ ಹೋಯಿತು, ಅಭ್ಯಾಸಬಲದಿಂದ. ತಾನು ಮಾಡಿದ್ದು ಗೊತ್ತಾಗಿ, ಸುತ್ತ ನೋಡಿ, ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು. ನಾನು ದೇವರನ್ನಾಗಲಿ ಶಕುನವನ್ನಾಗಲಿ ನಂಬುವವನಲ್ಲ. ಆ ಜಾಗಕ್ಕೆ ಸರಿಯಾದ ಮನುಷ್ಯ ನಾನೇ ಆಗಿದ್ದೆ. ಆದರೂ ಅದನ್ನು ಅವರಿಗೇ ಹಿಂದಿರುಗಿಸಿದೆ. ಯಾಕೆಂದು ಬಸ್ಸಿನಲ್ಲಿ ಯೋಚಿಸುತ್ತಿರುತ್ತೇನೆ, ಉತ್ತರ ಸಿಗುವಷ್ಟರಲ್ಲಿ ನಾನು ಇಳಿಯುವ ಜುವಾರಿನಗರ ಬಂದುಬಿಡುತ್ತದೆ. ತಪಾಸಣೆಗಾರರು 'ನಂಬರು ಅಸ್ಪಷ್ಟ' ಎಂದು ಬರೆದು ನಮ್ಮನ್ನು ಸಾಗಹಾಕಿದರು.

ಮಾನ್ಯರೇ, ನಾನು ಕೇಳುವುದು ಇಷ್ಟು. ಮೆರವಣಿಗೆಯ ದಿನ ಮುಂದೆ ನಿಂತಿದ್ದ ನೀಲಿ ಕಾರಿನ ಮೂತಿಗೆ ಕುಂಕುಮ ಹಚ್ಚಿದವರು ಯಾರು? ಪತ್ರಿಕೆಯ ಫೋಟೋದಲ್ಲಿ ಬಟ್ಟಲು ನಿಮ್ಮ ಕೈಯಲ್ಲಿತ್ತು. ವರ್ಷಕ್ಕೊಂದು ದಿನ ಓಡುವ ಕಾರಿಗೆ ಬಿದ್ದರೆ ಪರಂಪರೆ, ವರ್ಷವೆಲ್ಲ ಓಡುವ ಕಾರಿಗೆ ಬಿದ್ದರೆ ಅಸ್ಪಷ್ಟತೆ, ಇದು ಯಾವ ನಿಯಮಾವಳಿ? ಕೆಲಸ ಮಾಡದಿರುವ ಹಳತಿಗೆ ನೀವು ಸಲಾಮು ಹೊಡೆಯುತ್ತೀರಿ. ಕೆಲಸ ಮಾಡುವ ಹಳತನ್ನು ಕಂಡರೆ ನಿಮಗೇಕೆ ಇಷ್ಟು ಅವಸರ? ಹೊಗೆಯುಗುಳುವ, ಬ್ರೇಕಿಲ್ಲದ ಗಾಡಿಯನ್ನು ಹಿಡಿದು ಹಾಕಿ, ಅದರ ಪರವಾಗಿ ನಾನು ಒಂದು ಸಾಲನ್ನೂ ಬರೆಯುವುದಿಲ್ಲ. ಈ ಕಾರು ಪಾಸಾಗಿದೆ. ನಪಾಸಾದದ್ದು ಅದರ ಮೇಲಿನ ಭಕ್ತಿ.

ನಂಬರು ನೋಡುವ ಹಕ್ಕು ನಿಮಗಿದೆ ಎಂಬುದನ್ನು ಬಾಳಮ್ಮ ಅಲ್ಲಗಳೆಯುವುದಿಲ್ಲ. ಕದ್ದ ಗಾಡಿಗಳ ಕಾಲ, ನೋಡಲೇಬೇಕು ಎನ್ನುತ್ತಾಳೆ. ವಾರವಿಡೀ ಯೋಚಿಸಿ, ರೊಟ್ಟಿ ಬಡಿಸುತ್ತಲೇ ಅವಳು ಒಂದು ದಾರಿ ಹೇಳಿದಳು.

"ಕೆರಿಯೂದು ಬ್ಯಾರೆ, ಎರಿಯೂದು ಬ್ಯಾರೆ ಅಲ್ಲೇನ್ರಿ ಸರ? ನಾ ಎರಕೊಂಡಾಗ ನನ್ನ ಕುಂಕುಮನೂ ಹೊಕ್ಕತಿ. ಅದಕ್ಕ ಯಾರರ ಅಳ್ತಾರೇನು? ಮತ್ತ ಹಚ್ಕೋತೀನಿ. ಅದಕ್ಕೂ ಎಣ್ಣಿ ಹಚ್ಚಿ, ಬಿಸಿನೀರ ಹಾಕಿ, ಸೀಗಿಕಾಯಿ ಹಚ್ಚಿ ತೊಳ್ಯೂಣು."

"ಚಲೋ ಆತು," ಎಂದ ಕಂಠೆಪ್ಪ. "ನಂಗ ಎಣ್ಣಿ ಹಚ್ಚಿ ಎಷ್ಟ ವರ್ಷ ಆತೋ. ಗಾಡಿ ನಸೀಬ ನೋಡ್ರಿ."

"ನೀನೂ ಹೊರಗ ಮಳ್ಯಾಗ ನಿಂದ್ರು, ನಿನಗೂ ಹಚ್ಚತೀನಿ."

ಎಲ್ಲ ಬಗೆಹರಿಯಿತು ಎಂದುಕೊಂಡೆ. ತೊಳೆದು ನಿಮ್ಮ ಅಂಗಳಕ್ಕೆ ತಂದರಾಯಿತು. ಬಾಳಮ್ಮ ತಲೆಯಾಡಿಸಿದಳು. ಎರೆದುಕೊಂಡ ಮುತ್ತೈದೆ ಬರಿಹಣೆಯಲ್ಲಿ ಹೊಸ್ತಿಲು ದಾಟುವಂತಿಲ್ಲ. ಕಾರಿಗೂ ಅದೇ. ಹಣೆ ತೊಳೆದ ಮೇಲೆ ಹೊಸ ಕುಂಕುಮ ಹಚ್ಚದೆ ಅದು ಅಂಗಳ ಬಿಟ್ಟು ರಸ್ತೆಗಿಳಿಯಕೂಡದು. ಕಾರು ಮುತ್ತೈದೆಯಾದರೆ ಅದರ ಗಂಡ ಯಾರು ಎಂದು ನಾನು ಕೇಳಿದೆ, ತುಸು ಕುಚೋದ್ಯದಿಂದಲೇ. "ದಿನಾ ಅದರಾಗ ಕುಂತು ಅಡ್ಡಾಡಾಂವ ಯಾರ್ರಿ?" ಎಂದು ಒಳಗೆ ಕೂತವನತ್ತ ಸೌಟು ತೋರಿಸಿದಳು. "ಅದರ ಜೋಡಿ ನಾ ಜಗಳ ಆಡಂಗಿಲ್ಲ. ಹೊರಿಯೂದೆಲ್ಲಾ ಅದ ಹೊರತೈತಿ."

ಅಂದರೆ, ಮಾನ್ಯರೇ, ಆ ನಂಬರು ಬೆಳಕು ಕಾಣುವುದು ಸ್ನಾನಕ್ಕೂ ಕುಂಕುಮಕ್ಕೂ ನಡುವಿನ ಸ್ವಲ್ಪ ಹೊತ್ತು ಮಾತ್ರ, ಅದೂ ಅವರ ಅಂಗಳದಲ್ಲಿ. ಇದನ್ನು ವಿವರಿಸಿ, ತಪಾಸಣೆಗಾರರನ್ನು ಅಲ್ಲಿಗೇ ಕಳಿಸಿ ಎಂದು ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೇಳಿದೆ. ಒಳಗಿದ್ದ ಮಹಿಳೆ ಬಹಳ ಸಹನೆಯಿಂದ ಕೇಳಿಸಿಕೊಂಡರು. ಕೆಟ್ಟು ನಿಂತ ವಾಹನವಾದರೆ, ಅಪಘಾತವಾಗಿದ್ದರೆ ಸ್ಥಳಕ್ಕೆ ಬರಬಹುದು. ಸ್ನಾನ ಮಾಡುತ್ತಿರುವ ವಾಹನದ ಬಳಿಗೆ ಬರಲು ಅವಕಾಶವಿಲ್ಲ ಎಂದರು. ನಗಲಿಲ್ಲ. ಆ ಸಂಯಮಕ್ಕೆ ಅವರಿಗೆ ಬಡ್ತಿ ಕೊಡಬೇಕೆಂದು ನನ್ನ ಶಿಫಾರಸು.

ಆದ್ದರಿಂದ ನನ್ನ ಬೇಡಿಕೆ ನೇರ ನಿಮಗೆ. ಬರುವ ಅಮಾವಾಸ್ಯೆಯ ಬೆಳಿಗ್ಗೆ ಸಾಂಕೋಲೆಗೆ ಬನ್ನಿ. ಕಾಗದ, ಪೆನ್ಸಿಲು ತನ್ನಿ, ಸ್ಕ್ರೂಡ್ರೈವರು ಬೇಡ. ನೀರು ಹಾಕುವುದನ್ನು ನೋಡಿ, ಅಚ್ಚು ತೆಗೆದುಕೊಳ್ಳಿ, ಅಂಕಿಗಳು ನಿಮ್ಮ ದಾಖಲೆಯೊಂದಿಗೆ ಕೂಡಿದರೆ ಅಲ್ಲೇ ಸಹಿ ಹಾಕಿ. ಕೂಡದಿದ್ದರೆ ಕಾರನ್ನು ಒಯ್ಯಿರಿ, ನಾನು ತಡೆಯುವುದಿಲ್ಲ, ಕಂಠೆಪ್ಪನೂ ಒಪ್ಪಿದ್ದಾನೆ. ಸಹಿ ಬಿದ್ದ ಮೇಲೆ ಬಾಳಮ್ಮ ಕುಂಕುಮ ಹಚ್ಚುತ್ತಾಳೆ, ಈ ಸಲ ಅಂಕಿಗಳಿಂದ ಒಂದು ಬೆರಳು ಮೇಲೆ. ಅದಕ್ಕೂ ಅವಳು ಒಪ್ಪಿದ್ದಾಳೆ, ಬಹಳ ಚೌಕಾಸಿಯ ನಂತರ. ಸರ್ಕಾರ ಹಣೆಯನ್ನು ಇಟ್ಟುಕೊಳ್ಳಲಿ, ನಾವು ನೆತ್ತಿಗೆ ಹೋಗುತ್ತೇವೆ ಎಂಬುದು ಒಪ್ಪಂದದ ತಿರುಳು. ಊಟ ಅಲ್ಲೇ. ಒಂದು ಇಲಾಖೆ ಒಂದು ಕುಟುಂಬಕ್ಕೆ ಇಷ್ಟು ಹತ್ತಿರ ಬಂದು ರಾಜಿ ಮಾಡಿಕೊಂಡದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ, ಒಮ್ಮೆ ಕಾಣುವ ಆಸೆಯಿದೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಯಾವ ವಾಹನವೂ ಇಲ್ಲದ, ಯಾರೂ ಕೇಳದಿದ್ದರೂ ಕಾರಿನ ಪರ ವಕಾಲತ್ತು ವಹಿಸಿರುವ,
ಫೋಂಡಾ–ಸಾಂಕೋಲೆ ಬಸ್ಸಿನ ಕಿಟಕಿ ಸೀಟಿನವನು

ಮೊದಲೇ ಕಾಯಿಸಿಟ್ಟರೆ ನೀರು ಆರಿಹೋಗುತ್ತದೆ, ಆರಿದ ನೀರಿಗೆ ಆ ಜಿಡ್ಡು ಬಿಡುವುದಿಲ್ಲ ಎನ್ನುತ್ತಾಳೆ ಬಾಳಮ್ಮ. ಹೇಳಿ ಸಾಹೇಬರೇ, ಹಂಡೆಗೆ ಬೆಂಕಿ ಎಷ್ಟು ಹೊತ್ತಿಗೆ ಹಾಕೋಣ?