ಹೊರಗಿನಿಂದ ‘ನಾನು’ ಎಂದವಳು

ಕೊಪ್ಪಳದ ಬಂಡೆಯಡಿ, ಮೂರನೆಯ ಓಣಿ
ಬಿಸಿಲೇರಿದ ಇನ್ನೂರ ಹನ್ನೊಂದನೆಯ ವರ್ಷ, ಆಷಾಢದ ಮೂವತ್ತೆಂಟನೆಯ ದಿನ

ಸಿನಿಮಾ ನಿರ್ದೇಶಕರಾದ ಇಟಗಿ ಮುಕುಂದಪ್ಪನವರಿಗೆ ಶರಣು.

ತಿಂಗಳಿಗೆ ಮೂವತ್ತೆಂಟು ದಿನವೇ ಎಂದು ಹುಬ್ಬೇರಿಸಬೇಡಿ. ನಮ್ಮ ಆಷಾಢ ಮುಗಿಯುವುದು ಬಿಸಿಲು ಇಳಿದಾಗ, ಪಂಚಾಂಗ ಹೇಳಿದಾಗ ಅಲ್ಲ. ನೀವು ಕೇಳದ ಶಬ್ದಗಳು ಈ ಕಾಗದದಲ್ಲಿ ಇನ್ನೂ ಬಂದಾವು. ಮುದುಕಿಯ ಮಾತೆಂದು ಹೊಟ್ಟೆಗೆ ಹಾಕಿಕೊಳ್ಳಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು ನಮ್ಮಲ್ಲಿ ಈ ವರ್ಷ ಶುರುವಾಗಿದೆ. ಒಬ್ಬರಿಗೆ ಒಂದೇ ಕಾಗದ. ಅದೂ ನೂರೈವತ್ತು ವರ್ಷಕ್ಕಿಂತ ಈಚೆಗೆ ಯಾರನ್ನೂ ಮುಟ್ಟದು. ಮುಟ್ಟುವಂತಿದ್ದರೆ ನಿಮಗೇಕೆ ಬರೆಯುತ್ತಿದ್ದೆ, ಹನ್ನೊಂದು ವರ್ಷದ ನನಗೇ ಬರೆಯುತ್ತಿದ್ದೆ. ನೀವು ‘ಮೂರನೆಯ ಕೂಗು’ ಚಿತ್ರದ ಕತೆ ಬರೆದು ಮುಗಿಸಿದ್ದೀರಿ, ಚಿತ್ರೀಕರಣ ಇನ್ನೂ ಆಗಿಲ್ಲ ಎಂದು ನಂಬಿ ಇದನ್ನು ಕಳಿಸುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮನೆಗೆ ನುಗ್ಗುವವರ ಕತೆಯನ್ನು ಎಲ್ಲರೂ ಕತ್ತಲಲ್ಲಿ ಹೇಳಿದರೆ ನೀವು ಹಾಡುಹಗಲಲ್ಲಿ ಹೇಳಿದಿರಿ. ಬಾಡಿಗೆ ಮನೆ, ಮಧ್ಯಾಹ್ನ, ಒಲೆಯ ಮೇಲೆ ಬೇಳೆ. ವಾರಿಜಾ ಹಿತ್ತಲಲ್ಲಿ ಬಟ್ಟೆ ಹರವುತ್ತಿರುವಾಗ ಬಾಗಿಲು ಬಡಿದ ಸದ್ದು. ‘ಯಾರು?’ ಎಂದರೆ ಗಂಡನ ದನಿ ‘ನಾನು’ ಎನ್ನುತ್ತದೆ. ‘ತೆಗೆದೇ ಇದೆ, ಬನ್ನಿ’ ಎಂದು ಅವಳು ಕುಕ್ಕರಿನ ಕೂಗು ಎಣಿಸುತ್ತಾಳೆ. ಒಂದಾಯಿತು, ಎರಡಾಯಿತು. ಮೂರನೆಯದು ಬರುವುದೇ ಇಲ್ಲ. ಯಾರೋ ಒಲೆ ಆರಿಸಿದ್ದಾರೆ. ಆಗ ಕೈಯಲ್ಲಿದ್ದ ಫೋನು ರಿಂಗಾಗುತ್ತದೆ, ಆಫೀಸಿನಿಂದ ಗಂಡ! ಅಬ್ಬಬ್ಬಾ, ಒಂದು ಹನಿ ರಕ್ತ ತೋರಿಸದೆ ನನ್ನ ಬೆನ್ನುಹುರಿಯನ್ನು ಅಲ್ಲಾಡಿಸಿದಿರಿ. ಕುಕ್ಕರ್ ಎಂದರೇನೆಂದು ಅರಿಯದ ನಾವು ಇಂದಿಗೂ ಆ ದೃಶ್ಯದಲ್ಲಿ ಉಸಿರು ಬಿಗಿ ಹಿಡಿಯುತ್ತೇವೆ.

ಇನ್ನು ತಪ್ಪುಗಳು. ಕಳ್ಳ ತನ್ನ ಬಾಲ್ಯದ ಗೋಳನ್ನು ಏಳು ನಿಮಿಷ ಕೊರೆಯುತ್ತಾನಲ್ಲ, ಅಲ್ಲಿ ನನಗೆ ಆಕಳಿಕೆ ಬರುತ್ತದೆ. ಅಂಥ ಗಟ್ಟಿಗನನ್ನು ವಾರಿಜಾ ಒಂದು ಹಿಟ್ಟಿನ ಡಬ್ಬಿಯಿಂದ ಹೊಡೆದು ಹೊರಗೆ ದೂಡಿ ಅಗುಳಿ ಹಾಕುವುದೂ ಅಷ್ಟಕ್ಕಷ್ಟೇ. ಇವೆಲ್ಲ ಹೋಗಲಿ. ಆಮೇಲೆ ನಾಲ್ಕು ಸಲ ಕದ ಬಡಿಯುತ್ತದೆ. ಗಂಡನ ದನಿ, ತಾಯಿಯ ದನಿ, ಪೊಲೀಸರ ದನಿ, ಪಕ್ಕದ ಮನೆಯಾಕೆಯ ದನಿ. ನಾಲ್ಕಕ್ಕೆ ನಾಲ್ಕೂ ಅವನೇ, ಕೈಯಲ್ಲಿ ದನಿ ಕದಿಯುವ ಯಂತ್ರ ಹಿಡಿದವನು. ಕದ ತೆಗೆಯದ ವಾರಿಜಾ ಬದುಕುತ್ತಾಳೆ, ಸಿನಿಮಾ ಮುಗಿಯುತ್ತದೆ. ಅಲ್ಲಾ ಸ್ವಾಮಿ, ನಿಮ್ಮ ಊರಲ್ಲಿ ಒಂದು ಚಮಚ ಹೆಪ್ಪು ಕೇಳಲು ಒಬ್ಬಳು ನಿಜವಾದ ನೆರೆಯವಳೂ ಬರುತ್ತಿರಲಿಲ್ಲವೇ?

ಇದು ಯಾಕೆ ದೊಡ್ಡ ತಪ್ಪು ಎಂದು ತಿಳಿಯಲು ನಮ್ಮ ಬದುಕು ಸ್ವಲ್ಪ ತಿಳಿಯಬೇಕು. ನಾವು ಬಂಡೆಯ ಹೊಟ್ಟೆಯಲ್ಲಿ ಮನೆ ಕೊರೆದು ಇರುತ್ತೇವೆ. ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಉರಿಹೊತ್ತು. ಆಗ ಹೊರಗಿದ್ದ ಜೀವ ಅರ್ಧ ತಾಸು ಬಾಳದು. ದಪ್ಪ ಕಲ್ಲಿನ ಕದ, ಅದರಲ್ಲಿ ಕಿಂಡಿಯಿಲ್ಲ, ದನಿ ಬರಲು ಸಣ್ಣ ಕೊಳವೆ ಮಾತ್ರ. ಮೊಳಕೆಗೆ ಜೋಳ ನೆನೆಹಾಕುವುದು, ಗುಗ್ಗರಿ ಬೇಯಿಸುವುದು, ಕೌದಿ ಹೊಲಿಯುವುದು ಎಲ್ಲ ಒಳಗೇ. ನಿಮ್ಮ ಕಳ್ಳನ ಯಂತ್ರ ನಮ್ಮ ಕಾಲಕ್ಕೆ ಕಂಡವರ ಕೈಗೆಲ್ಲ ಬಂತು. ಅದನ್ನು ಹಿಡಿದು ನೀರು ದೋಚುವವರನ್ನು ದನಿಗಳ್ಳರು ಎನ್ನುತ್ತೇವೆ. ಅವರಿಗೆ ಹೆದರಿ ಪ್ರತಿ ಮನೆಯೂ ವಾರಕ್ಕೊಂದು ಗುಟ್ಟಿನ ಶಬ್ದ ಇಟ್ಟುಕೊಳ್ಳುತ್ತದೆ, ಅದು ಒಳಮಾತು. ಒಳಮಾತು ಹೇಳದವರಿಗೆ ಕದವಿಲ್ಲ. ಇದನ್ನು ಮಕ್ಕಳಿಗೆ ಕಲಿಸುವ ಕದಪಾಠಕ್ಕೆ ಶಾಲೆಯಲ್ಲಿ ವರ್ಷವರ್ಷವೂ ತೋರಿಸುವುದು ನಿಮ್ಮ ಸಿನಿಮಾ. ನಾನು ಅದನ್ನು ಆರು ಸಲ ನೋಡಿದ್ದೆ. ಕದಪಾಠದಲ್ಲಿ ಇಡೀ ಓಣಿಗೆ ನಾನೇ ಮೊದಲು.

ನನ್ನ ಅಕ್ಕ ಹಂಪವ್ವನಿಗೆ ಆಗ ಹದಿನಾರು. ನೀರಿನ ಪಾಳಿಗೆಂದು ದೂರದ ಬಾವಿಗೆ ಹತ್ತು ದಿನ ಹೋಗಿದ್ದಳು. ಅಷ್ಟರಲ್ಲಿ ನಮ್ಮ ಒಳಮಾತು ಬದಲಾಗಿತ್ತು. ದಾರಿಯಲ್ಲಿ ಬಂಡಿ ಕೆಟ್ಟು, ತಂಪುಹೊತ್ತಿನಲ್ಲಿ ಮುಟ್ಟಬೇಕಾದವಳು ಉರಿಹೊತ್ತಿನಲ್ಲಿ ಮುಟ್ಟಿದಳು. ಅವ್ವ ಬಂಡೆಯಾಳದ ಕೆಳಮನೆಯಲ್ಲಿದ್ದಳು, ಕದದ ದನಿ ಅಲ್ಲಿಗೆ ಮುಟ್ಟದು. ಕದದ ಬಳಿ ನಾನೊಬ್ಬಳೇ.

‘ಯಾರದು?’ ಎಂದೆ.

‘ನಾನ ಬೇ, ನೀಲೂ. ಬಾಗ್ಲಾ ತಗೀ ಲಗೂನ.’

‘ಒಳಮಾತು ಹೇಳು.’

‘ಹೆಸರುಬ್ಯಾಳಿ’ ಎಂದಳು. ಅದು ಹಿಂದಿನ ವಾರದ್ದು. ತಪ್ಪು ಎಂದೆ. ಅವಳು ನಕ್ಕಳು. ‘ಹುಚ್ಚೀ, ನಾನ ಅಂದ್ನೆಲ್ಲ!’ ನಿಮ್ಮ ಕಳ್ಳನೂ ಸಿಕ್ಕಿಬಿದ್ದಾಗ ಹಾಗೇ ನಗುತ್ತಾನೆ, ಮುಕುಂದಪ್ಪನವರೇ. ಆ ನಗುವೇ ಗುರುತು ಎಂದು ಮಾಸ್ತರು ಹೇಳಿಕೊಟ್ಟಿದ್ದರು. ನಾನು ಅಗುಳಿ ಮುಟ್ಟಲಿಲ್ಲ. ಆಮೇಲೆ ಅವಳು ಅತ್ತಳು, ನನಗಿಷ್ಟವಾದ ತಿಂಡಿಗಳ ಹೆಸರು ಹೇಳಿದಳು, ಒಳಗಿನವರಿಗಷ್ಟೇ ಗೊತ್ತಿದ್ದ ನನ್ನ ಅಡ್ಡಹೆಸರು ಕರೆದಳು. ವಾರಿಜಾಳಂತೆ ನಾನು ಎರಡೂ ಕಿವಿ ಮುಚ್ಚಿಕೊಂಡು ನಿಂತೆ. ಕೈ ತೆಗೆದಾಗ ದನಿ ನಿಂತಿತ್ತು, ಗೆದ್ದೆ ಎಂದು ಕುಣಿದುಬಿಟ್ಟೆ.

ಐದರ ನಂತರ ಕದ ತೆಗೆದ ಅವ್ವ ಹೊಸ್ತಿಲಾಚೆ ಬಿದ್ದಿದ್ದ ಅಕ್ಕನ ಹೆಣವನ್ನು ಒಳಗೆ ತಂದಳು. ನನಗೆ ಒಂದು ಏಟೂ ಹೊಡೆಯಲಿಲ್ಲ, ಬೈಯಲಿಲ್ಲ. ‘ನಿಂದೇನ್ ತಪ್ಪೈತಿ ಮಗಾ, ಕಲ್ಸಿದ್ದ ಮಾಡಿದಿ’ ಎಂದಳು. ಬೈದಿದ್ದರೆ ಈ ಅರವತ್ತೆರಡು ವರ್ಷ ಇಷ್ಟು ಭಾರವಾಗುತ್ತಿರಲಿಲ್ಲ.

ನಾಳೆ ನನ್ನ ಮೊಮ್ಮಗಳ ತರಗತಿಗೆ ಮತ್ತೆ ನಿಮ್ಮ ಸಿನಿಮಾ ತೋರಿಸುತ್ತಾರೆ. ನಿಲ್ಲಿಸಿ ಎಂದು ಓಣಿಯ ಹಿರಿಯರನ್ನು ಕೇಳಿದೆ. ದನಿಗಳ್ಳರು ನಿಂತರೆ ನಿಲ್ಲಿಸೋಣ ಎಂದರು. ಅದೂ ಸುಳ್ಳಲ್ಲ. ಆದ್ದರಿಂದ ಸಿನಿಮಾ ಮಾಡಬೇಡಿ ಎಂದು ನಾನು ಕೇಳುತ್ತಿಲ್ಲ. ನಾಲ್ಕನೆಯ ಬಡಿತವೊಂದನ್ನು ನನಗೆ ಬಿಟ್ಟುಕೊಡಿ. ಅದು ನಿಜವಾಗಿ ಪಕ್ಕದ ಮನೆಯಾಕೆಯೇ ಆಗಿರಲಿ, ಕೈಯಲ್ಲಿ ಖಾಲಿ ಬಟ್ಟಲು ಹಿಡಿದಿರಲಿ. ವಾರಿಜಾ ನಡುಗುತ್ತಲೇ ಕದವನ್ನು ಒಂದು ಬೆರಳಗಲ ತೆಗೆದು ನೋಡಲಿ. ಅಷ್ಟು ನೋಡಿದ್ದರೆ ನಾನೂ ತೆಗೆಯುತ್ತಿದ್ದೆನೋ ಏನೋ.

ಈ ಕಾಗದ ನಿಮಗೆ ತಲುಪಿದರೆ ಈ ಮನೆಯಲ್ಲಿ ನನ್ನ ಪಕ್ಕ ಇನ್ನೊಬ್ಬಳು ಮುದುಕಿ ಕೂತು ಕೌದಿ ಹೊಲಿಯುತ್ತಿರುತ್ತಾಳೆ. ಇಂಥ ಕಾಗದ ಬರೆದದ್ದೂ ಆಗ ನನಗೆ ನೆನಪಿರಲಿಕ್ಕಿಲ್ಲ. ಕೆಳಗೆ ಪೂರ್ತಿ ಹೆಸರು ಹಾಕಿದ್ದೇನೆ. ಬರೇ ‘ನಾನು’ ಎಂದರೆ ನೀವೂ ತೆಗೆಯಲಿಕ್ಕಿಲ್ಲ ಎಂಬ ಹೆದರಿಕೆ.

ಹಂಪವ್ವನ ತಂಗಿ,
ನೀಲಗಂಗವ್ವ