ಕೊಕ್ಕರೆಯ ಗಾಡಿಯೂ ಒಂದು ಚೊಂಬು ಎಣ್ಣೆಯೂ

ನನ್ನ ಕೊಕ್ಕರೆಗೆ,

ಈ ಭೂಮಿಯ ಮೇಲೆ ನಾನು ಮುಟ್ಟಿದ ಮೇಲೂ ಸರಿಹೋಗದ ಇಂಜಿನ್ ಒಂದೂ ಇಲ್ಲ. ವಿಮಾನ ಹಾರಿಸುವವರು ಕೂಡ ನಮ್ಮ ಮನೆಯ ಮೇಲೆ ಬಂದಾಗ ಒಂದಿಷ್ಟು ಕೆಳಗಿಳಿದು, ನಾನು ಸದ್ದು ಕೇಳಿ ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋಗುತ್ತಾರೆ. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಿನದನ್ನು ಓದು.

ತರಬೇತಿಗೆ ಹೊರಟ ದಿನ ನೀನು ಕೀಲಿಕೈ ಕೊಡುತ್ತಾ ಹೇಳಿದ್ದೆ: “ಮಾವ, ಗೇರ್ ಜಾರ್ತಾ ಇದೆ. ಇಂಜಿನ್ ಅರಚುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ನಾನು ಬಂದು ತೋರಿಸ್ತೀನಿ. ಬಿಸಿಲು ಬಂದ್ರೆ ನೆರಳಿಗೆ ಸರಿಸಿ, ಅಷ್ಟೇ. ದಯವಿಟ್ಟು ಬಾನೆಟ್ ಎತ್ತಬೇಡಿ.” ನನ್ನಂಥವನಿಗೆ ಎತ್ತಬೇಡಿ ಎನ್ನುವುದೂ ಒಂದೇ, ಬೆಕ್ಕಿನ ಮುಂದೆ ಹಾಲಿಟ್ಟು ಕಣ್ಣು ಮುಚ್ಚಿಕೋ ಎನ್ನುವುದೂ ಒಂದೇ.

ಆ ಗಾಡಿ ನಿನಗೆ ಏನೆಂದು ನನಗೆ ಗೊತ್ತಿಲ್ಲದ್ದಲ್ಲ. ಲಾರಿ ಗುದ್ದಿ ನಿನ್ನ ಎಡಗಾಲಿನ ಬಲ ಹೋದ ಮೇಲೆ ಕ್ಲಚ್ ಒತ್ತುವ ಮಾತೇ ಇರಲಿಲ್ಲ. ನೀನು ಹುಡುಕಿ ಹುಡುಕಿ, ತಾನೇ ಗೇರ್ ಬದಲಿಸಿಕೊಳ್ಳುವ ಈ ಹಳೆಯ ಗಾಡಿಯನ್ನು ತಂದೆ. ಮೊದಲ ಸಲ ಗೇಟು ದಾಟುವಾಗ ಗಾಜಿಳಿಸಿ, “ಇನ್ನು ಎಲ್ಲಿಗೆ ಹೋಗೋಕೂ ಯಾರನ್ನೂ ಬೇಡಲ್ಲ ಮಾವ” ಎಂದೆ. ನಿನಗೆ ಕೊಕ್ಕರೆ ಎಂದು ಹೆಸರಿಟ್ಟವನೂ ನಾನೇ, ಅವತ್ತು ಕೊಕ್ಕರೆ ಹಾರಿತು ಎಂದು ನಿನ್ನ ಅತ್ತೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡವನೂ ನಾನೇ. ಸೋಮವಾರದಿಂದ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವ ನಿನ್ನ ಹೊಸ ಕೆಲಸ ನಿಂತಿರುವುದು ಆ ಗಾಡಿಯ ಮೇಲೆ. ಅದೂ ಗೊತ್ತಿತ್ತು. ಗೊತ್ತಿದ್ದೂ ಬಾನೆಟ್ ಎತ್ತಿದೆ.

ನನ್ನದು ನೀರೆತ್ತುವ ಇಂಜಿನ್‌ನಲ್ಲಿ ಕಲಿತ ವಿದ್ಯೆ. ಇಂಜಿನ್ ನಿಲ್ಲಿಸು, ತಣಿಯಲು ಬಿಡು, ಕಡ್ಡಿ ಎಳೆದು ಎಣ್ಣೆ ನೋಡು. ಗೇರಿನ ಎಣ್ಣೆಯನ್ನೂ ಹಾಗೆಯೇ ನೋಡಿದೆ. ಗೆರೆಗಿಂತ ಮೇಲಿತ್ತು. “ಹೊಟ್ಟೆ ಬಿರಿಯೋ ಹಾಗೆ ಕುಡಿಸಿದ್ದಾಳೆ, ಅದಕ್ಕೇ ತೂರಾಡ್ತಿದೆ” ಎಂದು ಪಕ್ಕದ ಮನೆಯ ಕ್ಷೌರಿಕನಿಗೆ ವಿವರಿಸುತ್ತಾ, ನಿನ್ನ ಅತ್ತೆಯ ಸ್ನಾನದ ಚೊಂಬು ಹಿಡಿದು ಗಾಡಿಯ ಕೆಳಗೆ ಮಲಗಿ ಬೋಲ್ಟು ಸಡಿಲಿಸಿದೆ. ಚೊಂಬು ತುಂಬಿತು. ಉಳಿದದ್ದು ಅಂಗಿಯ ತೋಳಿನೊಳಗಿಂದ ಕಂಕುಳಿಗೆ, ಅಲ್ಲಿಂದ ಗಡ್ಡಕ್ಕೆ ಹರಿಯಿತು. ಪಾಠ ಹೇಳುತ್ತಿದ್ದ ಬಾಯಿ ತೆರೆದೇ ಇತ್ತು. ತಳ ಹಿಡಿದ ಹಾಲಿನಲ್ಲಿ ಹಳೆಯ ಚಪ್ಪಲಿ ನೆನೆಹಾಕಿ ಹಿಂಡಿದರೆ ಏನು ಬರುತ್ತದೋ ಅದೇ ರುಚಿ. ಇಂದಿಗೂ ಉಗುಳುತ್ತಿದ್ದೇನೆ. ನಿನ್ನ ಅತ್ತೆ ಚೊಂಬನ್ನು ಕಡ್ಡಿಯಲ್ಲಿ ಎತ್ತಿ ಬೇಲಿಯಾಚೆ ಎಸೆದು, “ನಿಮ್ಮನ್ನೂ ಹೀಗೇ ಎಸೆಯೋಕೆ ಅಷ್ಟುದ್ದದ ಕಡ್ಡಿ ಇಲ್ಲ” ಎಂದಳು.

ಆಮೇಲೆ ಕ್ಷೌರಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿನ ಟ್ಯಾಂಕಿನ ಏರಿಗೆ ಹೋದೆ. ಅರ್ಧ ಹತ್ತಿದ ಗಾಡಿ ಹಿಂದಕ್ಕೆ ಜಾರತೊಡಗಿತು. ನಾನು ಒತ್ತಿದಷ್ಟೂ ಇಂಜಿನ್ ಊಳಿಟ್ಟಿತು.

“ಅಣ್ಣ, ಹಾಕಿರೋದು ಮುಂದಿನ ಗೇರಾ, ಹಿಂದಿಂದಾ?”

“ಸುಮ್ನೆ ಕೂತ್ಕೋ. ಉಸಿರು ತಗೋತಿದೆ.”

ಇನ್ನೂ ಒತ್ತಿದೆ. ಕೆಳಗಿನಿಂದ ಸುಟ್ಟ ವಾಸನೆ ಬಂತು, ಹೊಗೆ ಬಂತು, ಗಾಡಿ ನಿಂತಿತು. ಕ್ಷೌರಿಕ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, “ಕೊನೇ ಉಸಿರು ಅಂತ ಮೊದ್ಲೇ ಹೇಳಬಾರದಾ ಅಣ್ಣ” ಎಂದ. ಬೀದಿಯ ಜನ ಕಿಟಕಿಯಲ್ಲಿ ನಿಂತು ನೋಡುತ್ತಿರಲು ಇಬ್ಬರೂ ತಳ್ಳಿಕೊಂಡು ಮನೆಗೆ ತಂದೆವು.

ಗೇರ್ ರಿಪೇರಿಯವನನ್ನು ಮನೆಗೇ ಕರೆಸಿದೆ. ನನ್ನಷ್ಟೇ ಬಡಾಯಿಯವನು, ಕಂಡರೆ ಮೈ ಉರಿಯಿತು. ಅಂಗಳದಲ್ಲೇ ಎಲ್ಲ ಬಿಚ್ಚಿ ಹರಡಿದ. ಒಳಗಿನ ಪ್ಲೇಟುಗಳು ಉಜ್ಜಿ ಉಜ್ಜಿ ಬೋಳಾಗಿದ್ದವು, ಎಣ್ಣೆ ಚರಂಡಿಯ ಕೆಸರಿನಂತಿತ್ತು. “ಇದರ ಎಣ್ಣೆ ನೋಡೋದು ಬಿಸಿಯಾದ ಮೇಲೆ, ಇಂಜಿನ್ ಓಡ್ತಿರುವಾಗ” ಎಂದ. “ನಿಲ್ಸಿ ನೋಡಿದ್ರೆ ಮೇಲಿಂದೆಲ್ಲ ಕೆಳಗಿಳಿದು ಜಾಸ್ತಿ ಕಾಣುತ್ತೆ. ಕಡಿಮೆ ಇದ್ದಿದ್ದಕ್ಕೇ ಜಾರ್ತಿತ್ತು. ಹಾಕೋದು ಬಿಟ್ಟು ತೆಗೆದ ಮಹಾನುಭಾವ ಯಾರು?”

ನಾನು ಜಗಲಿಯಲ್ಲಿ ಕೂತಿದ್ದ ಕ್ಷೌರಿಕನತ್ತ ಬೆರಳು ತೋರಿಸಿದೆ.

ಅವನು ಎದ್ದು ಹೋದ. ಆಮೇಲೆ ನನಗೆ ಕ್ಷೌರ ಮಾಡಿಲ್ಲ, ಗಡ್ಡದಲ್ಲಿ ಇನ್ನೂ ಎಣ್ಣೆಯಿದೆ. ಅದನ್ನು ಸೋಪು ಹಾಕಿ ತಿಕ್ಕಬಹುದು. ಆ ಬೆರಳನ್ನು ಎಷ್ಟು ತಿಕ್ಕಿದರೂ ಹೇಸಿಗೆ ಹೋಗುತ್ತಿಲ್ಲ. ಎಣ್ಣೆಯನ್ನು ಇಂಜಿನ್ ಓಡುವಾಗಲೇ ನೋಡಬೇಕು ಎಂದು ಗಾಡಿ ತಂದ ವಾರವೇ ನೀನು ಹೇಳಿದ್ದೆ ಕಣೇ. “ಓಡೋ ಇಂಜಿನ್‌ಗೆ ಯಾರಾದ್ರೂ ಕಡ್ಡಿ ಹಾಕ್ತಾರೇನೇ?” ಎಂದು ನಾನು ಹತ್ತು ಜನರೆದುರು ನಕ್ಕಿದ್ದೆ. ಆ ನಗು ನೆನೆದರೆ ಎಣ್ಣೆಯ ರುಚಿ ಮತ್ತೆ ಬಾಯಿಗೆ ಬರುತ್ತದೆ.

ಹೆದರಬೇಡ. ಗಾಡಿ ಓಡುತ್ತಿದೆ. ನಿನ್ನೆ ಅದೇ ಏರನ್ನು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹತ್ತಿತು. ಓಡಿಸಿದವನು ರಿಪೇರಿಯವನು, ನಾನು ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದೆ. ಖರ್ಚು ಎಂಟು ಸಾವಿರ ಎಂದು ನಿಮ್ಮಮ್ಮನಿಗೆ ಹೇಳಿದ್ದೇನೆ. ನಿನ್ನ ಅತ್ತೆಗೆ ಐದು. ಬೀದಿಯವರಿಗೆ, ರಿಪೇರಿಯವನು ನನ್ನ ಹಳೆಯ ಶಿಷ್ಯ, ಕಾಸು ಮುಟ್ಟಲಿಲ್ಲ ಎಂದು. ನನ್ನ ಬೈಕು ಎಲ್ಲಿ ಎಂದು ಕೇಳಿದವರಿಗೆ ಎರವಲು ಕೊಟ್ಟಿದ್ದೇನೆ ಎಂದೆ. ಮಾರಿದ್ದೇನೆ. ಇನ್ನು ಪೇಟೆಗೆ ಹೋಗಬೇಕಾದರೆ ನಾನು ಗೇಟಿನ ಬಳಿ ನಿಂತು ನಿನ್ನನ್ನೇ ಬೇಡಬೇಕು. ಒಂದೆರಡು ಸಲ ಕಾಣದವಳಂತೆ ಹೋಗಿಬಿಡು, ಆಮೇಲೆ ಹತ್ತಿಸಿಕೋ.

ನೀನು ಹತ್ತುವ ಏರೆಲ್ಲ ನಿನಗೆ ಬಗ್ಗಲಿ, ತಾಯಿ.

ಬಾನೆಟ್ಟಿನಿಂದ ಮಾರು ದೂರ ನಿಂತ,
ನಿನ್ನ ಮಾವ

ನಿಜವಾಗಿ ಹೋದದ್ದು, ಬೈಕು ಮಾರಿದ ಹಣವೂ ಸೇರಿ, ಎಪ್ಪತ್ತೊಂದು ಸಾವಿರದ ಆರುನೂರು. ಚೊಂಬು ಬೇರೆ.