ಬಾಲದಲ್ಲಿ ತೂತಿದ್ದ ಮೀನು

ಏಪ್ರಿಲ್ 3, ಗುರುವಾರ, ಬೆಳಗ್ಗೆ

ತೆಂಕಣ ಗಾಳಿ. ನೈದಿಲೆ ಎಲೆಗಳ ಕೆಳಗೆ ಮೂರು ಬಾಸ್ ಮೀನು ಸಿಕ್ಕವು. ಮೂರೂ ಚಿಕ್ಕವು, ಬಿಟ್ಟೆ. ಆಮೇಲೆ ಪ್ರೂಯಿಟ್ ಮುದುಕನ ಮುರುಕು ಜೆಟ್ಟಿ ಹತ್ತಿರ ಗಾಳ ಎಲ್ಲೋ ಸಿಕ್ಕಿಕೊಂಡಿತು. ಎಳೆದರೆ ತಂತಿಯ ಬುಟ್ಟಿ! ಒಳಗೆ ಐದು ಬಾಸ್, ಜೀವಂತ. ಅತಿ ಚಿಕ್ಕದೇ ಐದು ಪೌಂಡ್ ಇತ್ತು.

ರಕ್ತ ಕುದಿಯಿತು. ಶನಿವಾರ ಕ್ಲಬ್ಬಿನ ಮೀನು ಹಿಡಿಯುವ ಸ್ಪರ್ಧೆ. ಯಾವನೋ ಬೋಳಿಮಗ ಮೊದಲೇ ಹಿಡಿದು ಬಚ್ಚಿಟ್ಟಿದ್ದಾನೆ. ಶನಿವಾರ ದೋಣಿಗೆ ಹಾಕಿಕೊಂಡು ಬಂದು ನಗುತ್ತಾ ತೂಗಿಸುತ್ತಾನೆ. ಗೆದ್ದವನು ಅಲಬಾಮಾದ ಫೈನಲ್‌ಗೆ ಹೋಗುತ್ತಾನೆ. ತಮ್ಮ ರಾಂಡಲ್ ಮೂರು ವರ್ಷದಿಂದ ಎರಡನೆಯವನಾಗಿಯೇ ಉಳಿದದ್ದು ಹೀಗೆ!

ಮನೆಗೆ ಹೋಗಿ ಹೆಂಡತಿ ಲೊರೆಟಾಳ ಮೇಜಿನಿಂದ ಕಾಗದಕ್ಕೆ ತೂತು ಹಾಕುವ ಪಂಚ್ ತಂದೆ. ಐದೂ ಮೀನಿನ ಬಾಲಕ್ಕೆ ಗುರುತಿಗೆ ಒಂದೊಂದು ದುಂಡನೆಯ ತೂತು. ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಹೊಕ್ಕು ರಕ್ತವೋ ರಕ್ತ. ಬುಟ್ಟಿಯನ್ನು ಇದ್ದಲ್ಲಿಗೇ ಇಳಿಸಿದೆ. ಶನಿವಾರ ಅವನ ರಕ್ತ ನೋಡಬೇಕು.

ಅದೇ ದಿನ, ಸಂಜೆ

ಸ್ಪರ್ಧೆ ನಡೆಸುವ ಓಡಮ್‌ಗೆ ಮಾತ್ರ ಹೇಳಿದೆ.

"ಯಾರಿಗೂ ಬಾಯ್ಬಿಡಬೇಡ ಮಾರಾಯ. ನಿನ್ ತಮ್ಮಂಗೂ ಬೇಡ. ತಕ್ಕಡಿ ಹತ್ರಾನೇ ಹಿಡಿಯೋಣ."

"ಹಿಡಿಯೋದು ನೀನು. ಕೈ ಮುರಿಯೋದು ನಾನು."

ಈ ಸಲ ಗಾಳ ಹಾಕುವುದಿಲ್ಲ, ತಕ್ಕಡಿ ಪಕ್ಕ ನಿಲ್ಲುತ್ತೇನೆ ಅಂದಾಗ ರಾಂಡಲ್ ಕಿಸಕ್ಕನೆ ನಕ್ಕ. "ಯಾಕಣ್ಣಾ, ನನ್ ಕೈಲಿ ಸೋತ್ರೆ ಮರ್ಯಾದೆ ಹೋಗತ್ತೆ ಅಂತಾನಾ?" ಕತ್ತೆ.

ಏಪ್ರಿಲ್ 5, ಶನಿವಾರ, ಸಂಜೆ

ಬಲಗೈ ಊದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಮೂವತ್ತು ದೋಣಿ ಬಂದವು. ತೂತಿನ ಮೀನು ಒಂದೂ ಇಲ್ಲ. ಕೊನೆಗೆ ರಾಂಡಲ್. ಚೀಲದಲ್ಲಿ ಐದು, ಇಪ್ಪತ್ತೊಂದು ಪೌಂಡ್. ಜನ ಕೂಗಿದರು, ನಾನೂ ಕೂಗಿದೆ. ಎಲ್ಲಕ್ಕಿಂತ ದೊಡ್ಡದನ್ನು ಬಾಯಿ ಹಿಡಿದು ಮೇಲೆತ್ತಿದ. ಬಾಲದಲ್ಲಿ ತೂತು.

"ಎಲ್ಲಿ ಸಿಕ್ತೋ ಅದು?"

"ಪ್ರೂಯಿಟ್ ಜೆಟ್ಟಿ ಹತ್ರ. ಹೆಂಗ್ ಎಳೀತು ಅಂತೀಯಣ್ಣಾ, ಗಾಳದ ಕೋಲೇ..."

ಮಾತು ಮುಗಿಯುವ ಮೊದಲೇ ಬಾಯಿಗೆ ಗುದ್ದಿದೆ. ಹಲ್ಲು ನನ್ನ ಗೆಣ್ಣಿಗೆ ಚುಚ್ಚಿತು. "ಕಳ್ಳ! ನನ್ ತಮ್ಮ ಕಳ್ಳ!" ಅಂತ ಅರಚಿದೆ. ಸಾಕು, ಮಿಕ್ಕವರೂ ಅವನ ಮೇಲೆ ಬಿದ್ದರು. ಯಾರೋ ದೋಣಿಯ ಹುಟ್ಟು ಎತ್ತಿ ಅವನ ಮುಖಕ್ಕೆ ಬಾರಿಸಿದ. ಅವನ ಗಾಳದ ಕೋಲುಗಳನ್ನೆಲ್ಲ ಮುರಿದರು. ರಾಂಡಲ್ ಜಲ್ಲಿಕಲ್ಲಿನ ಮೇಲೆ ಬಿದ್ದುಕೊಂಡು "ಅಣ್ಣಾ, ಹೇಳೋದ್ ಕೇಳು" ಅಂತಲೇ ಇದ್ದ. ನಾನು ಪಕ್ಕೆಗೆ ಒದ್ದೆ. ಎರಡು ಸಲ. ಮೂರೋ?

ಓಡಮ್ ನನ್ನ ಕಾಲರ್ ಹಿಡಿದು ಎಳೆದ. ಆಂಬುಲೆನ್ಸ್ ಬಂತು. ನಾನು ಹತ್ತಲಿಲ್ಲ.

ಏಪ್ರಿಲ್ 8, ಮಂಗಳವಾರ

ಎರಡು ದಿನ ಬರೆಯಲು ಮನಸ್ಸಿರಲಿಲ್ಲ. ರಾಂಡಲ್‌ನ ಹೆಂಡತಿ ಟ್ವೈಲಾ ಫೋನ್ ಮಾಡಿದ್ದಳು. "ಎಡಗಣ್ಣು ಹೋಯ್ತು ಭಾವ. ತಣ್ಣಗಾಯ್ತಾ ಹೊಟ್ಟೆ?" ಅಂದು ಇಟ್ಟುಬಿಟ್ಟಳು. ಮೋಸ ಮಾಡಿದವನಿಗೆ ಆಗಬೇಕಾದ್ದೇ, ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ.

ಆ ದರಿದ್ರ ಬುಟ್ಟಿ ಪುಡಿ ಮಾಡೋಣ ಅಂತ ಕೊಡಲಿ ಹಿಡಿದು ಜೆಟ್ಟಿಗೆ ಹೋದೆ. ಎತ್ತಿದೆ. ಭಾರ ಇತ್ತು.

ಒಳಗೆ ನಾಲ್ಕು ಮೀನು. ನಾಲ್ಕರ ಬಾಲದಲ್ಲೂ ತೂತು.

ಯಾರ ಬುಟ್ಟಿಯೋ, ಅವನು ಬರಲೇ ಇಲ್ಲ. ಬಾಗಿಲ ತಂತಿಯನ್ನು ನಾನೇ ನೆಟ್ಟಗೆ ತಿರುಚಿರಲಿಲ್ಲ. ಒಂದು ಮೂಲೆ ಬಾಯಿ ಬಿಟ್ಟಿತ್ತು. ಎಲ್ಲಕ್ಕಿಂತ ಚಿಕ್ಕದು ನುಸುಳಿ ಹೋಗಿದೆ. ಅದೇ ರಾಂಡಲ್‌ನ ಗಾಳ ಕಚ್ಚಿದೆ. ಅವನು ನಿಯತ್ತಾಗಿ ಹಿಡಿದ ಮೀನು. ಐದರಲ್ಲಿ ಒಂದಕ್ಕೇ ತೂತು ಯಾಕೆ, ಉಳಿದ ನಾಲ್ಕಕ್ಕೆ ಯಾಕಿಲ್ಲ ಅಂತ ನಾನೂ ನೋಡಲಿಲ್ಲ, ಓಡಮ್ ಕೂಡ ನೋಡಲಿಲ್ಲವಲ್ಲ! ಮೂವತ್ತು ಜನ ಇದ್ದರು, ಏನು ಸಾಕ್ಷಿ ಅಂತ ಒಬ್ಬನೂ ಕೇಳಲಿಲ್ಲವಲ್ಲ!

ಕೊಡಲಿಯಿಂದ ಬುಟ್ಟಿ ಕಡಿದೆ. ಜೆಟ್ಟಿಯ ಹಲಗೆ ಕಡಿದೆ. ತೋಳು ಬೀಳುವ ತನಕ ಕಡಿದೆ.

ಏಪ್ರಿಲ್ 9, ಬುಧವಾರ, ಮಧ್ಯಾಹ್ನ

ಆಸ್ಪತ್ರೆಗೆ ಹೋಗಿದ್ದೆ. ಹೇಳಿಬಿಡಬೇಕು ಅಂತಲೇ. ಬಾಗಿಲಲ್ಲಿ ಟ್ವೈಲಾ ನನ್ನ ಮುಖಕ್ಕೆ ಉಗಿದಳು. ಒರೆಸಿಕೊಳ್ಳಲಿಲ್ಲ.

ರಾಂಡಲ್‌ನ ಅರ್ಧ ಮುಖ ಪಟ್ಟಿಯೊಳಗೆ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

"ಪೊಲೀಸ್ನೋರು ಬಂದಿದ್ರಣ್ಣಾ. ನಿನ್ನ ಒಳಗ್ ಹಾಕ್ತೀವಿ ಅಂದ್ರು. ಮೋಸ ಮಾಡಿದ್ದು ನಾನೇ, ಯಾರ್ ಮೇಲೂ ದೂರಿಲ್ಲ ಅಂತ ಬರ್ಕೊಟ್ಟೆ."

"ನೀನ್ ಮಾಡಿಲ್ವಲ್ಲೋ!"

"ಇಲ್ಲ. ಆದ್ರೆ ನನ್ನಣ್ಣ ಸುಮ್ಸುಮ್ನೆ ಹೊಡೆಯೋನಲ್ಲ. ಏನೋ ಕಂಡಿರ್ತೀಯ. ಅದೇನು ಅಂತ ಹೇಳ್ಬಿಡು, ಸಾಕು."

ಒಂದೇ ಕಣ್ಣಲ್ಲಿ ನೋಡುತ್ತಾ ಕಾಯುತ್ತಿದ್ದ. ನೀರು ತರುತ್ತೇನೆ ಅಂತ ಎದ್ದು ಬಂದವನು ಲಿಫ್ಟ್ ಇಳಿದು ಟ್ರಕ್ ಹತ್ತಿಬಿಟ್ಟೆ. ಹೇಡಿ ನನ್ಮಗ ನಾನು.

ಈಗ ಆಸ್ಪತ್ರೆಯ ಮುಂದೆಯೇ ಟ್ರಕ್ಕಿನಲ್ಲಿ ಕೂತಿದ್ದೇನೆ. ಮೊದಲು ಇವನಿಗೆ, ಆಮೇಲೆ ಆ ಮೂವತ್ತು ಜನಕ್ಕೂ ಹೇಳಬೇಕು. ಬಾಯಲ್ಲಿ ಬರುತ್ತಿಲ್ಲ. ಬರೆದುಕೊಂಡು ಹೋಗಿ ಓದುತ್ತೇನೆ.

ರಾಂಡಲ್, ಆ ತೂತು ಹಾಕಿದ್ದು